ಸರೋಜಮ್ಮ ಸಿಸ್ಟರ್ ಬರೆದ ಹೆಸರು

ಬೆಳಿಗ್ಗೆ ಕಾರ್ಖಾನೆಯ ಗೇಟು ದಾಟುತ್ತಿದ್ದ ಹಾಗೆ ಸರೋಜಮ್ಮ ಸಿಸ್ಟರ್ ಪಕ್ಕಕ್ಕೆ ಬಂದು ಹೆಜ್ಜೆ ಹಾಕಿದರೆ ಸಾಕು, ನಾವು ಕೆಮ್ಮು ನುಂಗಿಕೊಳ್ಳುತ್ತಿದ್ದೆವು. ಕುಳ್ಳಗಿನ ಹೆಂಗಸು, ಸೀರೆಯ ಕೆಳಗೆ ಕ್ಯಾನ್ವಾಸ್ ಶೂ. "ಏನಯ್ಯಾ, ನಿನ್ನೆ ಮನೇಲಿ ಏನ್ ಸಾರು?" ಎಂದು ಶುರು ಮಾಡಿ ಶೆಡ್ಡಿನವರೆಗೂ ಮಾತಾಡಿಸುವರು. ನಡೆಯುತ್ತಾ ಯಾರ ಮಾತು ಉಸಿರು ಸಾಲದೆ ಅರ್ಧಕ್ಕೆ ನಿಂತಿತೋ ಅವನ ಹೆಸರು ಅವರ ಪುಸ್ತಕಕ್ಕೆ ಹೋಯಿತೆಂದೇ ಅರ್ಥ. ಸಾರಿನ ವಿಷಯಕ್ಕೆ ಅಷ್ಟು ಹೆದರಿದವರು ನಾವೇ ಇರಬೇಕು.

ಎಂಬತ್ತರ ಸುಮಾರಿನಲ್ಲಿ ಪೀಣ್ಯದ ಒಂದು ಎರಕದ ಕಾರ್ಖಾನೆಯಲ್ಲಿ ಅವರು ನರ್ಸು. ನಾನು ಎರಕಕ್ಕೆ ಅಂಟಿದ ಮರಳನ್ನು ಕೆತ್ತಿ ಉಜ್ಜುವವನು. ಆ ಧೂಳು ಎದೆಗಿಳಿದರೆ ಮತ್ತೆ ಹೊರಗೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ನಮಗೆ ಕಾಯಿಲೆಗಿಂತ, ಕೆಲಸ ಕಳೆಯುವ 'ಅನ್‌ಫಿಟ್' ಎಂಬ ಮಾತಿನ ಭಯವೇ ಹೆಚ್ಚು. ಸಿಸ್ಟರ್ ಮಾತ್ರ ಆ ಮಾತನ್ನು ಬರೆಯುತ್ತಿರಲಿಲ್ಲ. ರುದ್ರಪ್ಪನಿಗೆ ಮೆಟ್ಟಿಲು ಹತ್ತಲಾಗದೆ ಹೋದಾಗ ಮ್ಯಾನೇಜರ್ ಮುಂದೆ ಅವನ ಎರಡೂ ಕೈ ಹಿಡಿದೆತ್ತಿ, "ಇವು ಚೆನ್ನಾಗಿವೆ ಸಾರ್, ಕಣ್ಣೂ ಚೆನ್ನಾಗಿವೆ. ಧೂಳಿಲ್ಲದ ಕಡೆ ಕೂರ್ಸಿ, ಕೆಲಸ ಮಾಡ್ತಾನೆ" ಎಂದಿದ್ದರು. ಅವನಿಗೆ ಅಳತೆ ನೋಡುವ ಕೆಲಸ ಸಿಕ್ಕಿತು. ಆದರೆ ಅಂಥ ಜಾಗಗಳಾದರೂ ಎಷ್ಟಿದ್ದಾವು?

ಅದಕ್ಕೇ ಎಕ್ಸ್‌ರೇ ಚೀಟಿ ಬಂದಾಗ ನಾನು ಆ ಹಲ್ಕಾ ಕೆಲಸ ಮಾಡಿದ್ದು. ನನ್ನ ಪಕ್ಕದಲ್ಲೇ ಉಜ್ಜುತ್ತಿದ್ದ ವೆಂಕಟೇಶ ಕಬಡ್ಡಿ ಆಟಗಾರ, ಒಂದು ದಿನವೂ ಕೆಮ್ಮಿದವನಲ್ಲ. "ಕೊಡು ಗುರು, ನಿನ್ನ ಹೆಸರಲ್ಲೂ ನಾನೇ ನಿಂತ್ಕೊಂಡು ಬರ್ತೀನಿ. ಅಲ್ಲಿ ಮುಖ ಯಾರು ನೋಡ್ತಾರೆ?" ಎಂದ. ಸೋಮವಾರ ಅವನ ಚೀಟಿ, ಮಂಗಳವಾರ ನನ್ನದು.

ಮುಂದಿನ ವಾರ ಸಿಸ್ಟರ್ ನನ್ನೊಬ್ಬನನ್ನೇ ಕರೆಸಿದರು. ಕಿಟಕಿಯ ಬೆಳಕಿಗೆ ಎರಡು ಫಿಲಂ ಹಿಡಿದಿದ್ದರು. ಎರಡರಲ್ಲೂ ಎಡ ಹೆಗಲ ಮೂಳೆ ಒಂದೇ ಜಾಗದಲ್ಲಿ ಮುರಿದು ಕೂಡಿಕೊಂಡಿತ್ತು.

"ಕಬಡ್ಡೀಲಿ ಮೂಳೆ ಮುರ್ಕೊಂಡಿದ್ದು ವೆಂಕಟೇಶ, ನೀನಲ್ಲ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೆರಳು ಕೆಳಗಿಳಿಸಿ ಬಿಳಿ ಚುಕ್ಕೆಗಳನ್ನು ತೋರಿಸಿದರು. "ಕೆಮ್ಮೇ ಇಲ್ಲದ ಅವನಿಗೇ ಇಷ್ಟಿದೆ ಕಣೋ. ನಡಿ, ನಿನ್ನ ಜೊತೆ ನಾನೇ ಬರ್ತೀನಿ."

ಆಸ್ಪತ್ರೆಗೆ ಕರೆದೊಯ್ದು ಮತ್ತೆ ಎಕ್ಸ್‌ರೇ ತೆಗೆಸಿದರು. ನನ್ನ ಎದೆಯಲ್ಲೂ ಅಷ್ಟೇ ಚುಕ್ಕೆಗಳಿದ್ದವು.

ಧೂಳಿಲ್ಲದ ಸ್ಟೋರಿನಲ್ಲಿ ಖಾಲಿ ಇದ್ದದ್ದು ಒಂದೇ ಜಾಗ. ಸಿಸ್ಟರ್ ಕಾಗದದ ಮೇಲೆ ಪೆನ್ನು ಊರಿ, "ಯಾರ ಹೆಸರು ಬರೀಲಿ?" ಎಂದರು. ವೆಂಕಟೇಶನಿಗೆ ಇನ್ನೂ ವಿಷಯವೇ ಗೊತ್ತಿರಲಿಲ್ಲ. ನನ್ನ ಹೆಂಡತಿ, ಇಬ್ಬರು ಮಕ್ಕಳು ಕಣ್ಣ ಮುಂದೆ ಬಂದರು. ನನಗಾಗಿ ಮೋಸಕ್ಕಿಳಿದವನು ಅವನು, ಅವನ ಹೆಸರನ್ನೇ ಹೇಳಬೇಕಿತ್ತು. ನಾನು ಆ ಪೆನ್ನಿನ ತುದಿಯನ್ನೇ ನೋಡುತ್ತಾ ನಿಂತೆ. ಕೊನೆಗೆ ಅವರು ತಾವೇ 'ವೆಂಕಟೇಶ' ಎಂದು ಬರೆದರು.

ನನ್ನನ್ನು ತಮ್ಮ ಕೋಣೆಯಲ್ಲೇ ಇಟ್ಟುಕೊಂಡು ಬ್ಯಾಂಡೇಜು ಸುತ್ತುವ ಕೆಲಸ ಕೊಟ್ಟರು. ಮ್ಯಾನೇಜರ್ ದಿನಾ ಬಂದು ಕೂಗಾಡುತ್ತಿದ್ದರು, ಇವರು ಜಗ್ಗಲಿಲ್ಲ. ಎರಡು ತಿಂಗಳ ಮೇಲೆ ನನಗೆ ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿ ಜಾಗವಾಯಿತು. ಅದೇ ವಾರ ಮ್ಯಾನೇಜರ್ ಸಿಸ್ಟರಿಗೆ ಕೆಲಸ ಬಿಡುವಂತೆ ಹೇಳಿದರು.

ಅವರ ಕೊನೆಯ ದಿನ ಚೀಲ ಹಿಡಿದುಕೊಂಡು ಬಸ್ ಸ್ಟಾಪಿನವರೆಗೆ ಹೋದೆ. ಬಾಯಿಬಿಟ್ಟು ಹೇಳದಿದ್ದರೆ ಸಾಯುವವರೆಗೂ ಕೊರೆಯುತ್ತದೆ ಅನ್ನಿಸಿತು.

"ಅವತ್ತು ನಾನು ವೆಂಕಟೇಶನ ಹೆಸರು ಹೇಳ್ಲಿಲ್ಲ ಸಿಸ್ಟರ್. ತುಂಬಾ ಭಯ ಆಗೋಯ್ತು."

ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ ಅವರು ಹೇಳಿದರು: "ಗೊತ್ತು ಕಣೋ. ಅಷ್ಟು ಭಯದಲ್ಲೂ ನಿನ್ನ ಹೆಸರೂ ಹೇಳ್ಲಿಲ್ವಲ್ಲ ನೀನು."