ರೋಜಾ ಬಿಟ್ಟ ಅಡುಗೆಯವರ ಜೊತೆ ಗಂಗಾವತಿಗೆ

ಯಲಬುರ್ಗಾದಿಂದ ಕೊಪ್ಪಳಕ್ಕೆ ಹೋಗುವ ಎಂಟು ಗಂಟೆಯ ಬಸ್ಸಿನಲ್ಲಿ ನಮಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ರಂಜಾನ್ ತಿಂಗಳ ನಾಲ್ಕನೆಯ ದಿನ. ಮಾರ್ಚ್ ಮೊದಲ ವಾರವಾದರೂ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕಿಟಕಿಗೆ ಖಾಜಾಸಾಬರನ್ನು ಕೂರಿಸಿ ನಾನು ಈಚೆ ಕುಳಿತೆ. ಗಾಳಿ ನನಗಿಂತ ಅವರಿಗೆ ಹೆಚ್ಚು ಬೇಕಾಗಿತ್ತು.

ನಾನು ಯಲಬುರ್ಗಾದಲ್ಲಿ ಔಷಧದ ಅಂಗಡಿ ಇಟ್ಟವನು. ಖಾಜಾಸಾಬರು ನಮ್ಮ ಓಣಿಯವರು, ಅರವತ್ತಮೂರರ ವಯಸ್ಸು. ಕುಷ್ಟಗಿಯಿಂದ ಕೊಪ್ಪಳದವರೆಗೆ ಎಷ್ಟೋ ಮದುವೆಗಳಲ್ಲಿ ಬಿರಿಯಾನಿಯ ಹಂಡೆ ಇಳಿಸಿದವರು. ನಾಲ್ಕು ವರ್ಷಗಳ ಹಿಂದೆ ಅವರಿಗೆ ಹೃದಯಾಘಾತವಾಯಿತು. ಜೀವ ಉಳಿಯಿತು, ಆದರೆ ಹೃದಯಕ್ಕೆ ಮೊದಲಿನ ಕಸುವು ಬರಲಿಲ್ಲ. ದಿನಕ್ಕೆ ಮೂರು ಹೊತ್ತು ಗುಳಿಗೆ. ಅದರಲ್ಲಿ ಮೈಯೊಳಗೆ ನಿಂತ ನೀರು ಇಳಿಸುವ ಗುಳಿಗೆಯೂ ಒಂದು. ಆ ಮೇಲಿನ ಮೂರು ರಂಜಾನ್‌ಗಳಲ್ಲೂ ಅವರು ವೈದ್ಯರ ಮಾತಿನಂತೆ ಉಪವಾಸ ಬಿಟ್ಟು, ಹಗಲೆಲ್ಲ ಮನೆಯೊಳಗೇ ಕುಳಿತು ಕಳೆದಿದ್ದರು.

ಹಿಂದಿನ ಸಂಜೆ ಅವರ ಹೆಂಡತಿ ಮೆಹಬೂಬಿ ನನ್ನ ಅಂಗಡಿಗೆ ಬಂದು ಗುಳಿಗೆಯ ಪಟ್ಟಿಗಳನ್ನು ಎದುರಿಗಿಟ್ಟರು. ಮೂರು ದಿನದ ಹಗಲಿನ ಗುಳಿಗೆಗಳು ಹಾಗೇ ಇದ್ದವು. ಈ ವರ್ಷ ಗಂಡ ಹಟ ಹಿಡಿದು ರೋಜಾ ಮಾಡುತ್ತಿದ್ದಾರೆ, ಎಲ್ಲ ಗುಳಿಗೆ ನಸುಕಿನಲ್ಲೇ ನುಂಗುತ್ತೇನೆಂದು ಸುಳ್ಳು ಹೇಳಿದ್ದಾರೆ, ಈಗ ಪಾದ ಬಾತಿವೆ, ಮಲಗಿದರೆ ಉಸಿರು ಹಿಡಿಯುತ್ತದೆ ಎಂದರು. ಗಂಗಾವತಿಯ ಡಾಕ್ಟರ ಬಳಿ ಅವರನ್ನು ಕರೆದೊಯ್ಯಬೇಕೆಂದು ಕೇಳಿಕೊಂಡರು. ಅಲ್ಲೇ ಹತ್ತಿರದ ಮರಳಿ ಊರಿನಲ್ಲಿರುವ ನನ್ನ ತಂಗಿಯ ಮನೆಯಿಂದ ಅಕ್ಕಿ ತರುವುದು ನನಗೂ ಬಾಕಿ ಇತ್ತು. ಒಪ್ಪಿದೆ.

ಕುಕನೂರು ದಾಟುವವರೆಗೆ ಖಾಜಾಸಾಬರು ಕಿಟಕಿಗೆ ತಲೆ ಒರಗಿಸಿಯೇ ಕುಳಿತಿದ್ದರು. ಅಂದೂ ಅವರು ಉಪವಾಸವಿದ್ದರು. ದಾರಿಗೆಂದು ನಾನು ತಂದಿದ್ದ ನೀರಿನ ಬಾಟಲಿ ಚೀಲದಲ್ಲೇ ಉಳಿಯಿತು. ಕೊಪ್ಪಳದಲ್ಲಿ ಬಸ್ಸು ಬದಲಿಸುವಾಗ ಮಿರ್ಚಿ ಕರಿಯುವ ವಾಸನೆ ನಿಲ್ದಾಣ ತುಂಬಿತ್ತು. ಅವರು ಮೂಗು ಅರಳಿಸಿ, ಎಣ್ಣೆ ಹಳೆಯದೆಂದು ತೀರ್ಪು ಕೊಟ್ಟರು. ಅಷ್ಟು ಕಷ್ಟದಲ್ಲೂ ಅಡುಗೆಯವ ಅಡುಗೆಯವನೇ ಎಂದು ನನಗೆ ನಗು ಬಂತು.

ಗಂಗಾವತಿಯ ಬಸ್ಸಿನಲ್ಲಿ ನಮ್ಮ ಎದುರು ಹನುಮನಹಳ್ಳಿಯ ಮುದುಕಿಯೊಬ್ಬಳು ಕುಳಿತಳು. ಆಧಾರ್ ಕಾರ್ಡು ತೋರಿಸಿ ಬಿಟ್ಟಿ ಟಿಕೆಟ್ ಪಡೆದು, ಅದನ್ನು ಕುಪ್ಪಸದೊಳಗೆ ಜೋಪಾನವಾಗಿ ಇಟ್ಟುಕೊಂಡಳು. ಅಂಜನಾದ್ರಿಗೆ ಬರುವ ಭಕ್ತರಿಗೆ ಕಾಯಿ ಮಾರುವವಳಂತೆ. ಖಾಜಾಸಾಬರ ಏದುಸಿರು ನೋಡಿ ವಿಚಾರಿಸಿದಳು. ನಾನು ಎರಡು ಮಾತಿನಲ್ಲಿ ಹೇಳಿದೆ. ಅವಳು ತನ್ನ ಕಥೆ ತೆಗೆದಳು. ನಲವತ್ತು ವರ್ಷ ಶನಿವಾರ ಒಪ್ಪತ್ತು ಮಾಡಿದವಳು, ಸಕ್ಕರೆ ಕಾಯಿಲೆ ಬಂದ ಮೇಲೆ ಎರಡು ಸಲ ಹಸಿವಿಗೆ ತಲೆತಿರುಗಿ ಬೆಟ್ಟದ ಮೆಟ್ಟಿಲ ಮೇಲೆ ಬಿದ್ದಿದ್ದಳು.

“ಮೂರನೇ ಸಲ ಬೀಳೂಕಿಂತ ಮೊದ್ಲ ಹನುಮಪ್ಪಗ ಹೇಳಿ ಒಪ್ಪತ್ತು ಬಿಟ್ಟೆ. ಅವಂಗೇನು ತಿಳಿಯೂದಿಲ್ಲೇನ್ರಿ?” ಎಂದಳು.

ಖಾಜಾಸಾಬರು ಸಣ್ಣಗೆ ನಕ್ಕರು. ಆ ದಿನದ ಮೊದಲ ನಗು ಅದು. ಹಿಟ್ನಾಳ ದಾಟಿ ಮುಂದೆ ಹೋದಂತೆ ಒಣ ನೆಲ ಹಿಂದೆ ಸರಿದು ಕಾಲುವೆ ನೀರಿನ ಗದ್ದೆಗಳು ಬಂದವು. ಬೇಸಿಗೆ ಭತ್ತ ಹಸಿರಾಗಿ ನಿಂತಿತ್ತು. ಕಿಟಕಿಯಿಂದ ಬರುವ ಗಾಳಿಗೂ ತಂಪು ಹತ್ತಿತು.

ಡಾಕ್ಟರು ನಡುವಯಸ್ಸಿನ ಹೆಂಗಸು, ಮೆಲುದನಿಯವರು. ಖಾಜಾಸಾಬರ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಗುಳಿ ಹಾಗೇ ನಿಂತಿತು. ಎದೆಗೆ ಯಂತ್ರವಿಟ್ಟು ಕೇಳಿ, ಕೂಡಲೇ ಒಂದು ಇಂಜೆಕ್ಷನ್ ಕೊಟ್ಟರು. ಹೃದಯದ ರೋಗಿಗಳೆಲ್ಲರಿಗೂ ರೋಜಾ ಬೇಡ ಎನ್ನುವುದಿಲ್ಲ, ಕೆಲವರಿಗೆ ಗುಳಿಗೆಯ ಹೊತ್ತು ಬದಲಿಸಿ ಕೊಡುತ್ತೇನೆ, ಅವರು ಆರಾಮಾಗಿ ರೋಜಾ ಮಾಡುತ್ತಾರೆ ಎಂದು ತಿಳಿಸಿ ಹೇಳಿದರು.

“ಆದ್ರ ನಿಮ್ಮ ಹೃದಯ ಅದಕ್ಕ ತಡಿಯೂದಿಲ್ಲ, ಖಾಜಾಸಾಬ. ಇವತ್ತ, ಈಗ ಗುಳಿಗಿ ತೊಗೋಬೇಕು.”

ಖಾಜಾಸಾಬರು ಗುಳಿಗೆಯನ್ನು ಅಂಗೈಯಲ್ಲಿ ಹಿಡಿದು ಕುಳಿತರು, ಬಾಯಿಗೆ ಹಾಕಿಕೊಳ್ಳಲಿಲ್ಲ. ಇಲ್ಲೇ ಹತ್ತಿರದ ಮಸೀದಿಯಲ್ಲಿ ಧರ್ಮಗುರು ಹಜರತ್ತರು ಇದ್ದಾರೆ, ಅವರ ಬಾಯಿಂದ ಒಂದು ಮಾತು ಕೇಳಿಯೇ ನುಂಗುತ್ತೇನೆ ಎಂದರು. ಡಾಕ್ಟರು ಗಡಿಯಾರ ನೋಡಿ, ಅರ್ಧ ಗಂಟೆಯೊಳಗೆ ತಿರುಗಿ ಬರಬೇಕು, ಇಲ್ಲವಾದರೆ ದಾಖಲು ಮಾಡಿಕೊಳ್ಳುತ್ತೇನೆ ಎಂದರು. ಆಟೋದಲ್ಲಿ ಐದು ನಿಮಿಷದ ದಾರಿ. ಅಷ್ಟು ದೂರ ಹೋಗುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ತೊಯ್ದುಹೋಯಿತು. ದಾರಿಯಲ್ಲೇ ಏನಾದರೂ ಆದರೆ ಮೆಹಬೂಬಿಗೆ ಏನು ಹೇಳಲಿ ಎನ್ನುವುದೊಂದೇ ಯೋಚನೆ.

ಮಧ್ಯಾಹ್ನದ ನಮಾಜು ಆಗಷ್ಟೇ ಮುಗಿದಿತ್ತು. ಹಜರತ್ತರು ಮಸೀದಿಯ ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದರು. ಎಪ್ಪತ್ತರ ಹತ್ತಿರದ, ತೆಳ್ಳಗಿನ ಮನುಷ್ಯ. ಊರಿನ ಎಷ್ಟೋ ಮಂದಿಗೆ ನಮಾಜು ಓದಿಸಿದವರು. ಖಾಜಾಸಾಬರು ತಲೆ ತಗ್ಗಿಸಿ ಎಲ್ಲ ಹೇಳಿದರು. ಹೊರಗೆ ಜನ ಏನನ್ನುತ್ತಾರೋ ಎಂದು ಮೂರು ವರ್ಷ ಮನೆಯಲ್ಲೇ ಅವಿತುಕೊಂಡದ್ದು, ನಸುಕಿನಲ್ಲಿ ಎದ್ದು ಹೆಂಡತಿಗೆ ಜೊತೆಯಾಗಿ ಕುಳಿತು ಉಣ್ಣಲಾಗದ್ದು, ಕೊನೆಗೆ ಸುಳ್ಳು ಹೇಳಿದ್ದು.

ಹಜರತ್ತರು ಎದ್ದು ಗೂಡಿನಲ್ಲಿದ್ದ ಡಬ್ಬಿ ತೆಗೆದರು. ಎರಡು ಗುಳಿಗೆ ಅಂಗೈಗೆ ಹಾಕಿಕೊಂಡು, ಹೂಜಿಯಿಂದ ನೀರು ಬಗ್ಗಿಸಿ, ನಮ್ಮ ಎದುರೇ ನುಂಗಿದರು. ಆಮೇಲೆ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದರು. ಎದೆಯ ನಡುವೆ ಗಂಟಲಿನಿಂದ ಕೆಳಗಿನವರೆಗೆ ಶಸ್ತ್ರಚಿಕಿತ್ಸೆಯ ಗೆರೆ ಇತ್ತು.

“ಎರಡು ವರ್ಷ ಆತು, ನಾನೂ ರೋಜಾ ಹಿಡದಿಲ್ಲ. ಮೊದಲ ವರ್ಷ ಬಾಗ್ಲಾ ಹಾಕ್ಕೊಂಡು ಗುಳಿಗಿ ನುಂಗತಿದ್ದೆ. ಬ್ಯಾನಿ ಇದ್ದವ್ರು ರೋಜಾ ಬಿಡ್ರಿ ಅಂತ ಮ್ಯಾಲಿನ ಮಾಲಿಕನ ಹೇಳ್ಯಾನ. ನಾಚಿಕಿ ಪಡ್ರಿ ಅಂತ ಅವ ಎಲ್ಲೂ ಹೇಳಿಲ್ಲ, ಅದು ನಾವು ಸೇರ್ಸಿದ್ದು.”

ಮತ್ತೆ ಹೂಜಿಯಿಂದ ನೀರು ಬಗ್ಗಿಸಿ ಲೋಟವನ್ನು ಖಾಜಾಸಾಬರ ಮುಂದೆ ಹಿಡಿದರು. ಖಾಜಾಸಾಬರು ಗುಳಿಗೆ ಬಾಯಿಗಿಟ್ಟು, ಡಾಕ್ಟರು ಹೇಳಿದ ಅಳತೆಯಷ್ಟೇ ನೀರು ಕುಡಿದರು. ಕಣ್ಣಲ್ಲಿ ನೀರಿತ್ತು, ಆದರೆ ಮುಖ ಸಡಿಲವಾಗಿತ್ತು. ಬಿಟ್ಟ ಒಂದೊಂದು ದಿನಕ್ಕೆ ಒಬ್ಬೊಬ್ಬ ಬಡವರಿಗೆ ಊಟ ಹಾಕಿದರಾಯಿತು, ಉಣಿಸುವುದು ಅಡುಗೆಯವನಿಗೆ ಹೇಳಿಕೊಡಬೇಕಾದ ಮಾತೇ? ಎಂದು ಹಜರತ್ತರು ನಕ್ಕರು. ಅರ್ಧ ಗಂಟೆ ತುಂಬುವ ಮೊದಲೇ ಡಾಕ್ಟರ ಬಳಿ ಹೋದೆವು. ಎರಡು ತಾಸು ಮಲಗಿಸಿ, ಉಸಿರು ಹಗುರಾದ ಮೇಲೆ ಬಿಟ್ಟರು. ನಾಳೆ ಬೆಳಿಗ್ಗೆ ಮತ್ತೆ ತೋರಿಸಿ ಊರಿಗೆ ಹೋಗಿ ಎಂದರು.

ಹಜರತ್ತರಿಗೆ ತಿಳಿಸಿ ಮರಳಿಗೆ ಹೋಗೋಣವೆಂದು ನಾಲ್ಕೂವರೆಗೆ ಮಸೀದಿಗೆ ಮರಳಿದೆವು. ಹಿತ್ತಲಲ್ಲಿ ಇಫ್ತಾರಿನ ಗಂಜಿ ಕುದಿಯುತ್ತಿತ್ತು. ಅಕ್ಕಿ, ಹೆಸರುಬೇಳೆ, ಕೀಮಾ ಹಾಕಿದ ದೊಡ್ಡ ಹಂಡೆ. ಸುತ್ತ ನಿಂತ ಮೂವರ ಮುಖದಲ್ಲಿ ಚಿಂತೆ. ಮೂವರೂ ಉಪವಾಸ, ರುಚಿ ನೋಡುವವರೇ ಇಲ್ಲ. ಮೊದಲ ದಿನ ಗಂಜಿ ಉಪ್ಪಾಗಿತ್ತಂತೆ, ಎರಡನೆಯ ದಿನ ಹೆದರಿ ಸಪ್ಪೆ ಮಾಡಿದರಂತೆ, ಮೂರನೆಯ ದಿನ ಮತ್ತೆ ಉಪ್ಪು. ಉಪವಾಸವಿರದವನೆಂದು ನನ್ನನ್ನು ಕೇಳಿದರು. ನಾನು ಮಾಂಸ ಮುಟ್ಟದವನು, ಕೈ ಮುಗಿದೆ.

ಖಾಜಾಸಾಬರು ಹಂಡೆಯ ಹತ್ತಿರ ಬಂದು, “ನಂದು ರೋಜಾ ಇಲ್ಲ. ಕೊಡ್ರಿ,” ಎಂದು ಅಂಗೈ ಚಾಚಿದರು.

ಗುರುತಿಲ್ಲದವರ ಎದುರು ಆ ಮಾತನ್ನು ಅವರು ಗಟ್ಟಿಯಾಗಿ ಹೇಳಿದ್ದು ಕೇಳಿ ನನಗೆ ಆಶ್ಚರ್ಯವಾಯಿತು. ಉಳಿದವರು ಅದನ್ನು ಗಮನಿಸಲೂ ಇಲ್ಲ. ಅವರಿಗೆ ನಾಲಗೆಯೊಂದು ಸಿಕ್ಕಿತ್ತು, ಅಷ್ಟೇ ಸಾಕಾಗಿತ್ತು. ಖಾಜಾಸಾಬರಿಗೆ ಉಪ್ಪು ವರ್ಜ್ಯ, ಹಾಗಾಗಿ ಒಂದು ತೊಟ್ಟಿಗಿಂತ ಹೆಚ್ಚು ಬೇಡವೆಂದು ನಾನು ಹೇಳಿದೆ. ಅವರು ಒಂದೇ ತೊಟ್ಟು ನಾಲಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದರು.

“ಶುಂಠಿ ಇನ್ನ ಹಸಿ ಐತಿ, ಕುದೀಲಿ. ಉಪ್ಪು ಎರಡು ಹಿಡಿ ಬೇಕು. ನನ್ನ ಹಿಡಿ ಅಲ್ಲ, ಅವ್ರ ಹಿಡಿ,” ಎಂದು ಅಲ್ಲಿದ್ದವರಲ್ಲಿ ಸಣ್ಣ ಕೈಯವನನ್ನು ತೋರಿಸಿದರು.

ಸೂರ್ಯ ಮುಳುಗಿ ಬಾಂಗು ಕೇಳಿದಾಗ ಸಾಲಿನಲ್ಲಿ ಕುಳಿತವರು ಖರ್ಜೂರ ಬಾಯಿಗಿಟ್ಟು, ನೀರು ಕುಡಿದು, ಗಂಜಿಗೆ ಕೈ ಹಾಕಿದರು. ಖಾಜಾಸಾಬರು ಕಂಬಕ್ಕೆ ಒರಗಿ ಕುರ್ಚಿಯಲ್ಲಿ ಕುಳಿತು ಮುಖಗಳನ್ನೇ ನೋಡುತ್ತಿದ್ದರು. ಒಬ್ಬ ಎರಡನೆಯ ಬಟ್ಟಲು ಕೇಳಿದ. ಆಮೇಲೆ ಇನ್ನೊಬ್ಬ. ಖಾಜಾಸಾಬರು ನನ್ನ ಮೊಣಕೈ ತಿವಿದರು. ನನಗೆ ಮಸೀದಿಯವರು ಕಲ್ಲಂಗಡಿ, ಬಾಳೆಹಣ್ಣು ಕೊಟ್ಟರು. ಅಷ್ಟು ಸಿಹಿಯಾದ ಕಲ್ಲಂಗಡಿ ಆ ಬೇಸಿಗೆಯಲ್ಲಿ ಮತ್ತೆ ತಿನ್ನಲಿಲ್ಲ.

ಮರಳಿಯಲ್ಲಿ ತಂಗಿ ಉಪ್ಪಿಲ್ಲದ ಅನ್ನ, ಮಜ್ಜಿಗೆ ಮಾಡಿಟ್ಟಿದ್ದಳು. ಖಾಜಾಸಾಬರು ಉಂಡು, ಉಸಿರು ಹಿಡಿಯದೆ ಒಂದೇ ದಿಂಬಿನ ಮೇಲೆ ಮಲಗಿದರು. ಬೆಳಿಗ್ಗೆ ಡಾಕ್ಟರು ಪಾದ ಒತ್ತಿ ನೋಡಿ ತಲೆಯಾಡಿಸಿದರು. ಬಾವು ಇಳಿಯತೊಡಗಿತ್ತು. ಅಕ್ಕಿಯ ಎರಡು ಚೀಲ ಬಸ್ಸಿನ ಮೇಲೆ ಹಾಕಿಸಿ ಹತ್ತು ಗಂಟೆಗೆ ಹೊರಟೆವು. ಒಂದು ಚೀಲ ನನ್ನದು, ಇನ್ನೊಂದನ್ನು ಖಾಜಾಸಾಬರು ಬಡವರಿಗೆ ಉಣಿಸಲೆಂದು ಕೊಂಡಿದ್ದರು. ದಾರಿಯುದ್ದಕ್ಕೂ ನಮ್ಮೂರಿನಲ್ಲಿ ಯಾರ್‍ಯಾರಿಗೆ ಏನು ಮಾಡಿ ಹಾಕಬೇಕೆಂದು ಹೇಳುತ್ತಲೇ ಇದ್ದರು. ಕೊಪ್ಪಳ ಬಂದದ್ದೂ ಹೋದದ್ದೂ ಅವರಿಗೆ ತಿಳಿದಂತಿರಲಿಲ್ಲ.

ಯಲಬುರ್ಗಾ ತಲುಪಿದಾಗ ಮಧ್ಯಾಹ್ನ ಎರಡೂವರೆ. ಮೆಹಬೂಬಿ ಬಾಗಿಲಲ್ಲೇ ನಿಂತಿದ್ದರು. ಗಂಡನನ್ನು ಬಿಟ್ಟು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಖಾಜಾಸಾಬರು ತಾವೇ ಹೇಳಿದರು. ಸುಳ್ಳು ಹೇಳಿದ್ದು ತಪ್ಪಾಯಿತು, ಈ ವರ್ಷದ ರೋಜಾ ಅಲ್ಲಿಗೆ ಮುಗಿಯಿತು, ಗುಳಿಗೆ ಇನ್ನು ಅವಳ ಕೈಯಿಂದಲೇ ತೆಗೆದುಕೊಳ್ಳುತ್ತೇನೆ ಎಂದರು.

ಮೆಹಬೂಬಿ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಅವರದೂ ಅಂದು ಐದನೆಯ ರೋಜಾ. ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು.

“ಇಷ್ಟು ದಿನ ಚಿಂತಿಯೊಳಗ ಹಸಿವು ಅನ್ನೂದ ಗೊತ್ತಾಗಿರಲಿಲ್ರಿ,” ಎಂದರು. “ಈಗ ನೋಡ್ರಿ, ಹೊಟ್ಟಿ ಭಾಳ ಹಸದೈತಿ.”