ಬೇಯದ ಕಡಲೆ

ಮದುವೆಯಾದ ಹೊಸತರಲ್ಲಿ ಆಫೀಸಿನ ಗೆಳತಿಯರೆಲ್ಲ ಸೇರಿ ನನಗೊಂದು ಸ್ಲೋ ಕುಕ್ಕರ್ ಕೊಟ್ಟರು. ಕರೆಂಟಿನದು, ಒಳಗೆ ದಪ್ಪನೆಯ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಬೆಳಿಗ್ಗೆ ಎಲ್ಲ ತುಂಬಿಸಿ ಸ್ವಿಚ್ ಹಾಕಿ ಹೋದರೆ ಸಂಜೆ ಬರುವಷ್ಟರಲ್ಲಿ ಅಡುಗೆ ತಾನಾಗಿ ಬೆಂದಿರುತ್ತದೆ ಎಂದರು. ಬೊಂಬಾಯಿಯ ಸಯನ್‌ನಿಂದ ಥಾಣೆಯಲ್ಲಿರುವ ಆಫೀಸಿಗೆ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋಗಿ, ಸಂಜೆ ಕುರ್ಲಾದಲ್ಲಿ ನುಗ್ಗುವವರಿಂದ ಮೊಣಕೈ ತಿವಿಸಿಕೊಂಡು ಬರುವ ನನಗೆ ಇದಕ್ಕಿಂತ ಏನು ಬೇಕು?

ನನ್ನ ಗಂಡ ಹೋಟೆಲಿನವನು. ಎದುರಿಗೆ ‘ನೀವು’ ಎನ್ನುತ್ತೇನೆ. ಇಲ್ಲಿ ‘ಅವನು’ ಎಂದೇ ಬರೆಯುತ್ತೇನೆ, ಸಿಟ್ಟು ಇನ್ನೂ ಇಳಿದಿಲ್ಲ. ಮಾಟುಂಗದಲ್ಲಿ ಅವನ ತಂದೆ ಶುರು ಮಾಡಿದ ಉಡುಪಿ ಹೋಟೆಲು. ತಂದೆ ಈಗಿಲ್ಲ. ಅವರೂ ಇವನೂ ಗಲ್ಲಾದಲ್ಲಿ ಕೂರುವ ಮೊದಲು ಒಳಗೆ ಒಲೆಯ ಮುಂದೆ ವರ್ಷಗಟ್ಟಲೆ ದುಡಿದವರೇ. ಆದರೆ ಆ ಮನೆತನದ್ದೊಂದು ಕ್ರಮ: ಹೋಟೆಲಿನಲ್ಲಿ ಸಟ್ಟುಗ ಹಿಡಿದ ಗಂಡಸು ಮನೆಯಲ್ಲಿ ಹಿಡಿಯುವುದಿಲ್ಲ. ರಾತ್ರಿ ಹೋಟೆಲಿನ ಊಟವನ್ನು ಉಣ್ಣುವುದೂ ಇಲ್ಲ, ಮನೆಯ ಅಡುಗೆಯೇ ಆಗಬೇಕು.

ಊರಿನಲ್ಲಿರುವ ಅತ್ತೆ ಮದುವೆಯ ಮನೆಯಲ್ಲೇ ಹೇಳಿದ್ದರು, “ದೀಪಾವಳಿವರೆಗೆ ನೋಡುವ. ಅವನಿಗೆ ಸರಿಯಾಗಿ ಊಟ ಆಗದಿದ್ರೆ ನೀನು ಕೆಲಸ ಬಿಡು, ಆಯ್ತಾ?” ಗಂಡ ಪಕ್ಕದಲ್ಲೇ ನಿಂತು ತಲೆಯಾಡಿಸಿದ್ದ. ನಾನೂ ಆಡಿಸಿದ್ದೆ. ಕಷ್ಟಪಟ್ಟು ಗಿಟ್ಟಿಸಿದ ಕೆಲಸ ಅದು. ಒಂದು ಪಾತ್ರೆ ಸಾರಿಗೆ ಅದನ್ನು ಬಲಿ ಕೊಡುವುದಿಲ್ಲ ಎಂದು ಒಳಗೊಳಗೇ ಹಲ್ಲು ಕಚ್ಚಿದ್ದೆ.

ಕಡಲೆ ಮತ್ತು ಸುವರ್ಣಗೆಡ್ಡೆಯಿಂದ ಶುರು ಮಾಡಿದೆ. ಸಂಜೆ ಬಂದು ನೋಡಿದರೆ ಸ್ವಿಚ್ ಹಾಕಿಯೇ ಇದೆ, ಪಾತ್ರೆ ಬಿಸಿ ಇದೆ, ಕಡಲೆ ಮಾತ್ರ ಕಲ್ಲಿನಂತಿದೆ. ಹುಣಸೆಹುಳಿಯನ್ನು ಮೊದಲೇ ಹಾಕಿದರೆ ಕಾಳು ಬೇಯುವುದಿಲ್ಲ ಎಂದು ಅಮ್ಮ ಫೋನಿನಲ್ಲಿ ಹೇಳಿದಳು. ಮುಂದಿನ ಸಲ ಹುಳಿಯನ್ನು ಕೊನೆಗೆ ಹಾಕಿದೆ. ಆಗಲೂ ಕಲ್ಲು. ಹೆಚ್ಚು ಹೊತ್ತು ನೆನೆಸಿದೆ. ಗೆಡ್ಡೆಯನ್ನು ಸಣ್ಣಗೆ ಹೆಚ್ಚಿದೆ. ಹುರುಳಿ ಹಾಕಿ ನೋಡಿದೆ, ಅಲಸಂದೆ ಹಾಕಿ ನೋಡಿದೆ. ಪ್ರತಿ ಸಂಜೆ ಅದನ್ನೆಲ್ಲ ಪ್ರೆಶರ್ ಕುಕ್ಕರಿಗೆ ಸುರಿದು ಸೀಟಿ ಹೊಡೆಸುವುದು, ಕಾಯಿ ಅರೆಯುವುದು, ಊಟ ತಡವಾಗುವುದು, ಆ ಅವಸರದಲ್ಲಿ ಕಾಳು ಅರೆಬರೆ ಬೇಯುವುದು.

ಅವನು ತಟ್ಟೆಯ ಮುಂದೆ ಕೂತು ಕಡಲೆ ಒತ್ತಿ ನೋಡುತ್ತಿದ್ದ. “ನಮ್ಮ ಹೋಟೆಲಲ್ಲಿ ಹೀಗೆ ಕೊಟ್ರೆ ಗಿರಾಕಿ ಎದ್ದು ಹೋಗ್ತಾನೆ,” ಎನ್ನುತ್ತಿದ್ದ. ಆಮೇಲೆ ತಾಯಿಗೆ ಫೋನ್ ಮಾಡಿ, “ಮಿಷಿನ್ ಇದ್ರೂ ಅವಳಿಗೆ ಆಗುದಿಲ್ಲ,” ಎಂದು ವರದಿ ಒಪ್ಪಿಸುತ್ತಿದ್ದ. ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತಿತ್ತು. ಆಫೀಸಿನಲ್ಲಿ ದೊಡ್ಡ ದೊಡ್ಡ ಕೆಲಸ ನಿಭಾಯಿಸುವವಳಿಗೆ ಒಂದು ಹಿಡಿ ಕಡಲೆ ಬೇಯಿಸಲು ಬರುವುದಿಲ್ಲವೇ?

ಒಂದು ದಿನ ಬೆಳಿಗ್ಗೆ ಮಳೆಗೆ ಹಳಿಯ ಮೇಲೆ ನೀರು ನಿಂತು ಲೋಕಲ್ ಬಂದ್ ಆಯಿತು. ಸ್ಟೇಷನ್ನಿನಿಂದ ಒದ್ದೆಯಾಗಿ ವಾಪಸು ಬಂದೆ. ಬಾಗಿಲು ತೆರೆದಿತ್ತು. ಗಂಡ ಹೋಟೆಲಿಗೆ ಹೊರಟಿದ್ದ. ಕೊಡೆ ಕಂಕುಳಲ್ಲಿಟ್ಟುಕೊಂಡು ಒಂದೊಂದೇ ಸ್ವಿಚ್ ಆರಿಸುತ್ತಿದ್ದ: ಫ್ಯಾನು, ಗೀಸರು, ಟಿ.ವಿ. ಕೊನೆಗೆ ಅಡುಗೆಮನೆಗೆ ಹೋಗಿ ನನ್ನ ಸ್ಲೋ ಕುಕ್ಕರಿನದನ್ನೂ ಆರಿಸಿದ.

“ಇದೆಂಥ ಮಾಡ್ತಿದ್ದೀರಿ?” ಎಂದೆ.

“ಖಾಲಿ ಮನೆಯಲ್ಲಿ ಕರೆಂಟ್ ಬಿಟ್ಟು ಹೋಗುದಾ? ಹೋಟೆಲಲ್ಲೂ ಕೊನೆಗೆ ಹೋಗುವವನು ಎಲ್ಲ ಬಂದ್ ಮಾಡಿಯೇ ಹೋಗುದು.”

“ದಿನಾ ಮಾಡ್ತೀರಾ?”

“ಮತ್ತೆ? ಮಧ್ಯಾಹ್ನ ಮಲಗ್ಲಿಕ್ಕೆ ಬಂದಾಗ ನಾನೇ ಹಾಕ್ತೇನಲ್ಲ. ಆಮೇಲೆ ಹೋಗುವಾಗ ತೆಗಿಯುದಿಲ್ಲ, ನೀನು ಬರುವ ಹೊತ್ತಾಗಿರ್ತದೆ.”

ಇಡೀ ದಿನ ಬೇಯಬೇಕಾದ ಕಡಲೆಗೆ ಇವನು ಅರ್ಧ ಮಧ್ಯಾಹ್ನ ಕೊಟ್ಟಿದ್ದ. ಮೇಲಿಂದ ಅದನ್ನೇ ಒತ್ತಿ ನೋಡಿ ನನಗೆ ಪಾಠ ಹೇಳಿದ್ದ. “ಹೇಳ್ಬೇಕಿತ್ತಲ್ಲ” ಎಂದೆ. “ನೀನು ಕೇಳ್ಲಿಲ್ಲ” ಎಂದ. ನನ್ನ ಮೈ ಉರಿದುಹೋಯಿತು. ಒದ್ದೆ ಬಟ್ಟೆಯಲ್ಲೇ ಕುರ್ಚಿಯ ಮೇಲೆ ಕೂತೆ. ಇವತ್ತು ಈ ಮನೆಯಲ್ಲಿ ನಾನು ಒಲೆ ಹಚ್ಚುವುದಿಲ್ಲ, ಹಸಿವಾದರೆ ನೀವೇ ಏನಾದರೂ ಮಾಡಿಕೊಳ್ಳಿ ಎಂದೆ.

ಅವನಿಗೂ ಸಿಟ್ಟು ಬಂತು. ಕೊಡೆ ಎಸೆದು ಒಳಗೆ ಹೋಗಿ ಬಾಣಲೆ ಇಟ್ಟ. ಮೆಣಸಿನಕಾಯಿ ಹೆಚ್ಚಿದ್ದು ನನಗೆ ಕಾಣಲೇ ಇಲ್ಲ, ಅಷ್ಟು ಚುರುಕು ಕೈ. ರವೆ ಹುರಿದ ವಾಸನೆ ಹಾಲಿಗೆ ಬಂತು. ನಾನು ಉಸಿರು ಬಿಡುವುದರೊಳಗೆ ಎರಡು ತಟ್ಟೆ ಉಪ್ಪಿಟ್ಟು ತಂದು ಕುಕ್ಕಿದ. ತಿಂದೆ. ಅಂಥ ಉಪ್ಪಿಟ್ಟು ನಾನು ಈವರೆಗೆ ಮಾಡಿಲ್ಲ. ಸಿಟ್ಟು ಇಳಿಯುವ ಬದಲು ನೆತ್ತಿಗೇರಿತು. ಇಷ್ಟು ಬರುತ್ತಿದ್ದವನು ನಾನು ಲೋಕಲ್‌ನಿಂದ ಇಳಿದು ಬೆವರಿನಲ್ಲೇ ಕಾಯಿ ಅರೆಯುವುದನ್ನು ನೋಡುತ್ತ ಕೂತಿದ್ದನಲ್ಲ.

ಅಷ್ಟರಲ್ಲಿ ಅವನಿಗೆ ಅತ್ತೆಯ ಫೋನ್ ಬಂತು. ಟಿ.ವಿ.ಯಲ್ಲಿ ಬೊಂಬಾಯಿಯ ನೀರು ನೋಡಿ ಗಾಬರಿಯಾಗಿದ್ದರು. ಫೋನ್ ಸ್ಪೀಕರಿನಲ್ಲಿತ್ತು. ತಿಂಡಿ ಆಯಿತೇ ಎಂದು ಕೇಳಿದರು. ಅವನು ನನ್ನ ಮುಖ ನೋಡದೆ, “ಆಯ್ತು. ಅವಳು ಉಪ್ಪಿಟ್ಟು ಮಾಡಿದ್ದಾಳೆ,” ಎಂದ.

ಬೇಯದ ಕಡಲೆ ನನ್ನದು, ಬೆಂದ ಉಪ್ಪಿಟ್ಟೂ ನನ್ನದು. ಅಡುಗೆಮನೆಯಲ್ಲಿ ಇವನ ಹೆಸರು ಮಾತ್ರ ಎಲ್ಲೂ ಬರಕೂಡದು. ಫೋನ್ ಕಿತ್ತುಕೊಂಡೆ.

“ಅತ್ತೆ, ಮಾಡಿದ್ದು ನಾನಲ್ಲ, ನಿಮ್ಮ ಮಗ. ನನ್ನ ಕುಕ್ಕರಿನ ಸ್ವಿಚ್ ದಿನಾ ತೆಗೆದದ್ದೂ ಅವರೇ. ದೀಪಾವಳಿವರೆಗೆ ನೋಡುದು ಬೇಡ. ನಾನು ಕೆಲಸ ಬಿಡುದಿಲ್ಲ.”

ಬೈಗುಳಕ್ಕೆ ಸಿದ್ಧಳಾಗಿ ನಿಂತೆ.

“ಹೇಗಾಗಿದೆ ಉಪ್ಪಿಟ್ಟು?” ಎಂದರು ಅತ್ತೆ.

“ಲಾಯ್ಕಾಗಿದೆ.”

“ಅವನ ಅಪ್ಪ ಮಾಡಿದ್ದೂ ಲಾಯ್ಕಾಗ್ತಿತ್ತಂತೆ. ಹೋಟೆಲಲ್ಲಿ ತಿಂದವರು ಹೇಳ್ತಿದ್ರು, ನಂಗೆ ಒಮ್ಮೆಯೂ ಸಿಕ್ಲಿಲ್ಲ. ಕೆಲಸ ಬಿಡ್ಬೇಡ ನೀನು,” ಎಂದು ಫೋನ್ ಇಟ್ಟರು.