ಅತ್ತೆಯ ಕೈಯಲ್ಲೊಂದು ಪಾತ್ರೆ

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಗೋಣಿಚೀಲಗಳ ಹಿಂದೆ ಒಂದು ಸ್ಟೀಲ್ ಪಾತ್ರೆ ಸಿಕ್ಕಿತು. ಮೇಲೆ ಹಿಡಿ, ಬಿಗಿಯಾದ ಮುಚ್ಚಳ. ತೆಗೆದರೆ ಒಳಗೆ ಏನೂ ಇರಲಿಲ್ಲ, ವರ್ಷಗಟ್ಟಲೆ ಮುಚ್ಚಿಟ್ಟಿದ್ದ ಹಳಸಲು ವಾಸನೆ ಮಾತ್ರ. ಕಂಠದ ಸುತ್ತ ಚುಕ್ಕೆಚುಕ್ಕೆಯಾಗಿ ಹೊಡೆಸಿದ್ದ ಅಕ್ಷರಗಳನ್ನು ಸೆರಗಿನಿಂದ ಒರೆಸಿ ಓದಿದೆ. ನಮ್ಮ ಮನೆಯ ಹೆಸರಲ್ಲ, ಸೇತುವೆ ಆಚೆ ಮನೆಯವರದು. ಯಾರ ಮನೆಯ ಚಮಚವನ್ನೂ ಉಳಿಸಿಕೊಂಡವರಲ್ಲ ನಾವು. ಇದೊಂದು ಹೇಗೆ ಉಳಿಯಿತು ಎಂದು ಯೋಚಿಸಬೇಕಾಗಿರಲಿಲ್ಲ... ಅಟ್ಟದಲ್ಲಿ ಒಬ್ಬಳೇ ಇದ್ದರೂ ಮುಖ ಬಿಸಿಯಾಯಿತು.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ಕಾಫಿಗೆ ಒಳ್ಳೆಯ ಕಾಲ. ಕಳಸದ ರಸ್ತೆಯ ಪಕ್ಕದಲ್ಲೇ ಮನೆ, ಹಿಂದೆ ತೋಟ, ಅಂಗಳದಲ್ಲಿ ಜೀಪು. ಮಾವ ಆಗಲೇ ತೀರಿಕೊಂಡಿದ್ದರು. ಪೇಟೆಗೆ ಹೊರಟರೆ ಅತ್ತೆ ಜೀಪಿನ ಮುಂದಿನ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂರುತ್ತಿದ್ದರು. ಬಟ್ಟೆ ಅಂಗಡಿಯ ಮುಂದೆ ಜೀಪಿನಿಂದ ಇಳಿಯುವುದೆಂದರೆ ಅವರಿಗೆ ಇಷ್ಟ. ಇಳಿದ ಮೇಲೆ ಒಂದು ಗಳಿಗೆ ಹಾಗೇ ನಿಂತು ಸೀರೆಯ ನೆರಿಗೆ ಸರಿಮಾಡಿಕೊಳ್ಳುವರು. ನಾಲ್ಕು ಜನ ನೋಡಲಿ ಎಂದು.

ಆಮೇಲೆ ರೇಟು ಬಿತ್ತು. ಈ ವರ್ಷ ಏಳುತ್ತದೆ, ಬರುವ ವರ್ಷ ಏಳುತ್ತದೆ ಎನ್ನುತ್ತ ವರ್ಷಗಳೇ ಹೋದವು. ಮೊದಲು ತೋಟದ ಲೆಕ್ಕ ಬರೆಯುವ ರೈಟರ್‌ಗೆ ಬೇರೆ ಕಡೆ ಕೆಲಸ ನೋಡಿಕೊಳ್ಳಲು ಹೇಳಿದೆವು. ಮನೆಗೆಲಸದವಳನ್ನು ಬಿಡಿಸಿದೆವು. ಕೊನೆಗೆ ಜೀಪೂ ಹೋಯಿತು. ಅತ್ತೆಗೆ ರಾತ್ರಿ ನಿದ್ದೆಯೇ ಇಲ್ಲದಾಯಿತು. ನಮ್ಮವರು ಹೊರಗಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ, "ಇವತ್ತು ಎಷ್ಟಂತೋ ರೇಟು?" ಎಂದು ಕೇಳುವರು. ಉತ್ತರ ಕೇಳಿಸಿಕೊಂಡು ಒಳಗೆ ಹೋಗಿ ಎದೆ ನೀವಿಕೊಳ್ಳುತ್ತ ಕೂರುವರು. ಊಟ ಎರಡು ತುತ್ತಿಗೆ ಇಳಿಯಿತು.

ಕಳಸದ ಡಾಕ್ಟರು ನೋಡಿ ಬಿಪಿ ಮಾತ್ರೆ ಬರೆದುಕೊಟ್ಟರು. "ಇದಕ್ಕಿಂತ ದೊಡ್ಡ ಔಷಧಿ ನಡೆಯೋದು ಅಮ್ಮಾ. ದಿನಾ ಸಂಜೆ ರಸ್ತೇಲಿ ಕೈ ಬೀಸ್ಕೊಂಡು ನಡೀರಿ. ಅಡುಗೆಮನೆಯಿಂದ ಜಗಲಿಗೆ ಓಡಾಡಿದ್ದು ಲೆಕ್ಕಕ್ಕಿಲ್ಲ" ಎಂದರು.

ಬಸ್ಸಿನಲ್ಲಿ ಬರುತ್ತ ಅತ್ತೆ ನನ್ನ ಕಿವಿಯಲ್ಲಿ, "ಕೈ ಬೀಸ್ಕೊಂಡು ಹೋಗೋಕೆ ನಾನೆಂಥ ಪೆರೇಡ್ ಮಾಡೋ ಹುಡುಗನಾ ಮಾರಾಯ್ತಿ?" ಎಂದರು.

ನಗುವ ಮಾತಲ್ಲ. ನಮ್ಮ ಕಡೆ ಕೆಲಸವಿಲ್ಲದೆ ಯಾರೂ ರಸ್ತೆಯಲ್ಲಿ ನಡೆಯುತ್ತಿರಲಿಲ್ಲ. ನಡೆಯುವವರಿಗೆ ಒಂದು ಊರು, ಒಂದು ಮನೆ, ಒಂದು ಕಾರಣ ಇರಲೇಬೇಕು. ತೋಟದೊಳಗೆ ನಡೆಯಬಹುದಲ್ಲ ಎಂದರೆ ಅತ್ತೆ ಒಪ್ಪಲಿಲ್ಲ. "ತೋಟಕ್ಕೆ ಹೋದ್ರೆ ಗಿಡ ಕಾಣುತ್ತೆ. ಗಿಡ ಕಂಡ್ರೆ ರೇಟು ನೆನಪಾಗುತ್ತೆ" ಎಂದರು. ಕಾಫಿ ಒಣಗಿಸುವ ಕಣದಲ್ಲಿ ಸುತ್ತು ಹಾಕಿ ಎಂದರೆ, "ಗಾಣದ ಎತ್ತು ಅಂದ್ಕೊಂಡ್ಯಾ?" ಎಂದರು.

ಕೊನೆಗೆ ಒಂದು ಸಂಜೆ ಧೈರ್ಯ ಮಾಡಿ ರಸ್ತೆಗಿಳಿದರು. ಸ್ವಲ್ಪ ದೂರ ಹೋಗಿದ್ದಾರಷ್ಟೆ, ಗುರುತಿನವರ ಜೀಪು ನಿಂತಿದೆ. "ಇದೆಂಥ ಅಮ್ಮಾ, ಒಬ್ರೇ ನಡ್ಕೊಂಡು? ಹತ್ತಿ ಹತ್ತಿ." ಬೇಡ ಎಂದರೆ ಅವರಿಗೆ ಬೇಜಾರು. ಸುಮ್ಮನೆ ನಡೆಯುತ್ತಿದ್ದೇನೆ ಎನ್ನಲು ಇವರಿಗೆ ನಾಲಿಗೆ ಹೊರಳಲಿಲ್ಲ. ಹತ್ತಿದರು. ಅವರು ಕಳಸದ ಪೇಟೆಯಲ್ಲಿ ಇಳಿಸಿ ಹೋದರು. ಕೈಯಲ್ಲಿ ಚಿಲ್ಲರೆಯೂ ಇಲ್ಲದೆ, ಕಂಡಕ್ಟರಿಗೆ ನಾಳೆ ಕೊಡುತ್ತೇನೆಂದು ಹೇಳಿ ಬಸ್ಸಿನಲ್ಲಿ ವಾಪಸು ಬಂದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆ ನಗಲಿಲ್ಲ.

"ಜೀಪು ಮಾರಿದ್ದಕ್ಕೆ ನಡೀತಿದಾರೆ ಅಂದ್ಕೊಂಡ್ರು ಕಣೇ. ಹತ್ತುವಾಗ ಮುಂದೆ ಕೂತಿದ್ದ ಹುಡುಗಂಗೆ ಎದ್ದು ಜಾಗ ಬಿಡು ಅಂದ ರೀತೀಲೇ ಗೊತ್ತಾಯ್ತು" ಎಂದರು.

ಆಗ ನನಗೊಂದು ಉಪಾಯ ಹೊಳೆಯಿತು. ಹಳ್ಳದ ಸೇತುವೆ ದಾಟಿದರೆ ಒಂದು ಮನೆಯಿತ್ತು, ನಮಗೆ ಬಳಕೆಯವರು. ಮರುದಿನ ಒಂದು ಪಾತ್ರೆಯಲ್ಲಿ ಮೊಸರು ಹಾಕಿ ಅತ್ತೆಯ ಕೈಗೆ ಕೊಟ್ಟೆ. "ಆಚೆ ಮನೆ ಅಕ್ಕನಿಗೆ ಕೊಟ್ಟು ಬನ್ನಿ. ಯಾರಾದ್ರೂ ಕರೆದ್ರೆ ಇಲ್ಲೇ ಹತ್ರ, ಮೊಸರು ಚೆಲ್ಲುತ್ತೆ ಅನ್ನಿ."

ಅತ್ತೆಯ ಮುಖ ಬಿಚ್ಚಿಕೊಂಡಿತು. ಪಾತ್ರೆ ಹಿಡಿದವರನ್ನು ಯಾರು ಏನು ಕೇಳುತ್ತಾರೆ? ಹೋದರು, ಬಂದರು. ಪಾತ್ರೆಯನ್ನು ಖಾಲಿ ಕಳಿಸಬಾರದಲ್ಲ, ಆಚೆ ಮನೆ ಅಕ್ಕ ಅದರಲ್ಲಿ ನಾಲ್ಕು ಬೆಂಡೆಕಾಯಿ ಹಾಕಿ ಕಳಿಸಿದ್ದರು. ಮರುದಿನ ನಾನು ಕೆಸುವಿನ ಎಲೆ ಕಳಿಸಿದೆ. ಅವರು ನಿಂಬೆಹಣ್ಣು. ಹೀಗೇ ಶುರುವಾಯಿತು. ಕೊಡಲು ಏನೂ ಇಲ್ಲದ ದಿನ ಕರಿಬೇವಿನ ಎಸಳು, ಅದೂ ಇಲ್ಲದ ದಿನ ಒಂದು ಹಿಡಿ ದಾಸವಾಳ. ಒಮ್ಮೆ ನಾನೇ ಕಳಿಸಿದ್ದ ಸೌತೆಕಾಯಿ, ತೊಟ್ಟಿನ ಹತ್ತಿರ ಉಗುರು ತಾಗಿದ ಗುರುತಿನ ಸಮೇತ, ವಾರದೊಳಗೆ ನಮ್ಮ ಮನೆಗೇ ವಾಪಸು ಬಂತು. ಅತ್ತೆ ಅದನ್ನು ಗುರುತು ಹಿಡಿದು ನಕ್ಕಿದ್ದು... ಕಣ್ಣಲ್ಲಿ ನೀರು ಬರುವಷ್ಟು. "ಪಾಪ, ಇದಕ್ಕೂ ವಾಕಿಂಗ್ ಆಯ್ತು" ಎಂದರು.

ಅತ್ತೆ ನನ್ನೆದುರು ಹಾಗೆ ನಕ್ಕಿದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ನಡೆದದ್ದು ಮೈಗೆ ಹಿಡಿಯಿತು. ಬೆಳಿಗ್ಗೆ ನಾನು ಎಬ್ಬಿಸುವವರೆಗೂ ಮಲಗಿರುತ್ತಿದ್ದರು. ಕಡುಬು ಇನ್ನೊಂದು ಹಾಕು ಎಂದು ತಟ್ಟೆ ಮುಂದೆ ಸರಿಸುವರು. ಸಂಜೆ ಬಂದವರೇ ಜಗಲಿಯಲ್ಲಿ ಕೂತು ರಸ್ತೆಯ ಸುದ್ದಿ ಹೇಳುವರು. ಯಾರ ಬೇಲಿಯಲ್ಲಿ ಯಾವ ಹೂವು ಬಿಟ್ಟಿದೆ, ಹಳ್ಳಕ್ಕೆ ಎಷ್ಟು ನೀರು ಬಂದಿದೆ, ಯಾರ ನಾಯಿ ಮರಿ ಹಾಕಿದೆ. ರೇಟು ಕೇಳುವುದು ಪೂರ್ತಿ ನಿಲ್ಲಲಿಲ್ಲ. ಆದರೆ ನಮ್ಮವರು ಕೈಕಾಲು ತೊಳೆದು ಕಾಫಿ ಕುಡಿಯುವವರೆಗೆ ತಡೆಯುತ್ತಿದ್ದರು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಸರಿಯಾಗಿ ನಡೆಯುತ್ತಿದ್ದದ್ದು ಅದೊಂದೇ ಎಂದರೂ ತಪ್ಪಿಲ್ಲ.

ಹಾಗಿರುವಾಗ ನೆಂಟರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹೆಂಗಸರ ಪಂಕ್ತಿಯಲ್ಲಿ ಅತ್ತೆ ಊಟಕ್ಕೆ ಕೂತಿದ್ದರು, ನಾನು ಪಲ್ಯ ಬಡಿಸುತ್ತ ಬಂದೆ. ಅತ್ತೆಯಿಂದ ಮೂರ್ನಾಲ್ಕು ಎಲೆ ಈಚೆಗೆ ನಮ್ಮವರ ಕಡೆಯ ದೊಡ್ಡಮ್ಮ ಒಬ್ಬರು. ಅವರದು ದೊಡ್ಡ ಎಸ್ಟೇಟು, ಮಾತೂ ದೊಡ್ಡದೇ.

"ಏನೇ ಹುಡುಗಿ, ನಿಮ್ಮನೇಲಿ ಆಳು ಬಿಡಿಸಿದ್ದು ಗೊತ್ತು. ಅತ್ತೆನೇ ಆಳು ಮಾಡ್ಕೊಂಡಿದ್ದು ಗೊತ್ತಿರ್ಲಿಲ್ಲ ಮಾರಾಯ್ತಿ" ಎಂದರು. "ದಿನಾ ಸಂಜೆ ಪಾತ್ರೆ ಹಿಡ್ಕೊಂಡು ರಸ್ತೇಲಿ ಹೋಗ್ತಿರ್ತಾರಂತಲ್ಲ. ನಮ್ಮ ಡ್ರೈವರ್ ಹೇಳ್ದ. ಮೊಸರೂ ಅವರೇ ಹೊರಬೇಕಾ?"

ಪಂಕ್ತಿಯಲ್ಲಿ ನಗು ಎದ್ದಿತು. ಇನ್ಯಾರೋ, "ಈಗಿನ ಸೊಸೇರು ಜಾಣೇರು ಬಿಡಿ" ಎಂದರು.

ನನ್ನ ಕೈಯಲ್ಲಿ ಸೌಟು ಹಾಗೇ ನಿಂತಿತು. ಡಾಕ್ಟರು ನಡೆಯಲು ಹೇಳಿದ್ದಾರೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಯಾಕೆ ಹೇಳಿದರು ಎಂದು ಕೇಳಿದರೆ? ನಿದ್ದೆ ಇಲ್ಲ ಎನ್ನಬೇಕು. ನಿದ್ದೆ ಯಾಕಿಲ್ಲ ಎಂದರೆ ತೋಟದ ಕಥೆ ಬಿಚ್ಚಬೇಕು, ಅಷ್ಟು ಜನರ ಮುಂದೆ. ಅತ್ತೆಯ ಕಡೆ ನೋಡಿದೆ. ಅವರು ಎಲೆಯ ಮೇಲಿನ ಅನ್ನವನ್ನು ಸುಮ್ಮನೆ ಕಲಸುತ್ತಿದ್ದರು. ಅವರು ಹೇಳಲಿ ಎಂದು ನಾನು ಕಾದೆ. ನಾನು ಹೇಳಲಿ ಎಂದು ಅವರೂ ಕಾದರೇನೋ... ನಾನು ಮುಂದಿನ ಎಲೆಗೆ ಪಲ್ಯ ಬಡಿಸಿದೆ.

ಮರುದಿನ ಸಂಜೆ ಆಚೆ ಮನೆಯವರ ಈ ಪಾತ್ರೆಗೇ ಮೊಸರು ಹಾಕಿ ಬಾಗಿಲ ಹತ್ತಿರ ಇಟ್ಟೆ. ಪೂಜೆಯ ಹಿಂದಿನ ಸಂಜೆ ಅವರು ಹಲಸಿನಹಣ್ಣಿನ ಕಡುಬು ಹಾಕಿ ಕಳಿಸಿದ್ದ ಪಾತ್ರೆ ಅದು. ಅತ್ತೆ ಹೊರಗೆ ಬಂದರು. ಪಾತ್ರೆ ನೋಡಿದರು, ನನ್ನನ್ನು ನೋಡಿದರು.

"ಇವತ್ತು ಯಾಕೋ ಕಾಲು ನೋವು ಕಣೇ" ಎಂದರು.

ಕಾಲು ನೋವಿರಲಿಲ್ಲ. ಮಧ್ಯಾಹ್ನ ತಾನೇ ಸ್ಟೂಲು ಹತ್ತಿ ದೇವರ ಪಟ ಒರೆಸಿದ್ದರು. ನನ್ನ ಹೆಸರು ಉಳಿಸಲು ಅವರು ಹೇಳಿದ ಸುಳ್ಳು ಅದು ಎಂದು ನನಗೆ ಆ ಕ್ಷಣವೇ ತಿಳಿಯಿತು. ತಿಳಿದೂ, "ಹಾಗಾದ್ರೆ ಬೇಡ ಬಿಡಿ ಅತ್ತೆ" ಎಂದೆ. ಎಷ್ಟು ಬೇಗ ಎಂದೆ! ಒಳಗೆ ಹೋಗಿ ಮೊಸರನ್ನು ಗಡಿಗೆಗೆ ವಾಪಸು ಸುರಿಯುವಾಗ ನನ್ನ ಎದೆ ಹಗುರಾಗಿತ್ತು. ಈ ಲೇಖನದಲ್ಲಿ ಬರೆಯಲು ಕಷ್ಟವಾದದ್ದು ಆ ಒಂದು ಮಾತು. ಹಗುರಾಗಿತ್ತು.

ಆಮೇಲೆ ಕಾಲು ನೋವು ದಿನದ ಮಾತಾಯಿತು. ಸ್ವಲ್ಪ ಕಾಲದ ನಂತರ ನಿಜವೂ ಆಯಿತು. ಕಣದಲ್ಲಿ ಒಂದೆರಡು ದಿನ ಸುತ್ತಿದರು, ಬಿಟ್ಟರು. ಜಗಲಿಯ ಕುರ್ಚಿಯೇ ಅವರ ಜಾಗವಾಯಿತು. ಚಪ್ಪಲಿ ಬಿಡುವ ಮೊದಲೇ ರೇಟು ಕೇಳುವುದು ಮತ್ತೆ ಶುರುವಾಯಿತು. ಬೇಲಿಯ ಹೂವಿನ ಸುದ್ದಿ ಹೇಳುವವರಿಲ್ಲವಾದರು. ಆಚೆ ಮನೆ ಅಕ್ಕ ಒಮ್ಮೆ ಬಸ್ಸಿನಲ್ಲಿ ಸಿಕ್ಕಿ, "ಅತ್ತೆ ಯಾಕೆ ಬರ್ತಿಲ್ಲ? ಸಂಜೆಯಾದ್ರೆ ಗೇಟು ನೋಡೋದೇ ಅಭ್ಯಾಸ ಆಗಿದೆ" ಎಂದರು. ಕಾಲು ನೋವು ಎಂದೆ. ಮನೆಗೆ ಬಂದವಳೇ, ಕಪಾಟಿನಲ್ಲಿ ದಿನವೂ ಕಣ್ಣಿಗೆ ಬೀಳುತ್ತಿದ್ದ ಈ ಪಾತ್ರೆಯನ್ನು ನಾನೇ ಅಟ್ಟಕ್ಕೆ ಹಾಕಿದೆ.

ರೇಟು ನಿಧಾನಕ್ಕೆ ಎದ್ದಿತು. ಅಷ್ಟರಲ್ಲಿ ಅತ್ತೆ ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾರದಂತಾಗಿದ್ದರು. ಅವರು ತೀರಿಕೊಂಡದ್ದು ಕಾಫಿ ಹೂವಾದ ವಾರ. ನಡೆಯುತ್ತಿದ್ದರೆ ಇನ್ನಷ್ಟು ವರ್ಷ ಇರುತ್ತಿದ್ದರು ಎಂದು ನಾನು ಹೇಳುವುದಿಲ್ಲ, ಅದು ಯಾರಿಗೆ ಗೊತ್ತು. ಇದ್ದ ವರ್ಷಗಳು ಬೇರೆ ಥರ ಇರುತ್ತಿದ್ದವು. ಅಷ್ಟು ಗೊತ್ತು.

ಪಾತ್ರೆ ತೊಳೆದು ಒರೆಸಿ ಇಟ್ಟಿದ್ದೇನೆ. ಕೊಡಲು ಆಚೆ ಮನೆಯಲ್ಲಿ ಈಗ ಅಕ್ಕನೂ ಇಲ್ಲ, ಆ ಮನೆ ಹೋಂಸ್ಟೇ ಆಗಿದೆ. ಬಂದವರು ಚಡ್ಡಿ, ಬೂಟು ಹಾಕಿಕೊಂಡು ಅದೇ ರಸ್ತೆಯಲ್ಲಿ ಬೆಳಿಗ್ಗೆ ಸಂಜೆ ನಡೆಯುತ್ತಾರೆ. ಅವರನ್ನು ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ.

ಈಗ ನನಗೂ ಬಿಪಿ. ನನಗೂ ನಡೆಯಲು ಹೇಳಿದ್ದಾರೆ. ನಿನ್ನೆ ಸಂಜೆ ಸೇತುವೆಯ ಕಡೆ ಹೊರಟಿದ್ದೆ. ಹಿಂದಿನಿಂದ ಬಂದ ಕಾರೊಂದು ನಿಂತಿತು. ಪೂಜೆಯ ದಿನ ಮಾತಾಡಿದ ಆ ದೊಡ್ಡಮ್ಮನ ಮೊಮ್ಮಗ.

"ಎಲ್ಲಿಗೆ ಆಂಟಿ? ಹತ್ತಿ, ಬಿಡ್ತೀನಿ."

"ಎಲ್ಲಿಗೂ ಇಲ್ಲಪ್ಪ. ವಾಕಿಂಗ್."

"ಓ, ಒಳ್ಳೇದು ಆಂಟಿ" ಎಂದು ಹೊರಟುಹೋದ.

ಇಷ್ಟೇ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತೇ ಇದ್ದೆ. ಸೌಟು ಹಿಡಿದು ನಿಂತ ದಿನ ಇಷ್ಟು ಸಣ್ಣ ಮಾತು ಬಾಯಿಗೆ ಬಂದಿದ್ದರೆ... ಮತ್ತೆ ನಡೆದೆ. ಸೇತುವೆಯವರೆಗೆ ಹೋಗಿ ಬಂದೆ. ಎಡಗೈ ಏನೋ ತಾನಾಗಿ ಬೀಸುತ್ತಿತ್ತು. ಬಲಗೈ ಮಾತ್ರ ದಾರಿಯುದ್ದಕ್ಕೂ, ಹಿಡಿ ಇರುವ ಪಾತ್ರೆ ಹಿಡಿದುಕೊಂಡ ಹಾಗೆ, ಮಡಚಿಕೊಂಡೇ ಇತ್ತು.